ಕೆಂಪು ತುದಿ ಯಾರಿಗೆ?

“ಮೇದಿನಿ, ನಂಗೆ ಭಯಾನೇ ಇಲ್ವಂತೆ ಕಣೇ! ಸೊನ್ನೆಯಂತೆ! ಮಿಷನ್ನೇ ಹೇಳ್ಬಿಡ್ತು!”

ಎಲ್ವಿನ್ ಓಡಿಬಂದ ರಭಸಕ್ಕೆ ಒಗೆಯುವ ಕಲ್ಲಿನ ಪಕ್ಕದ ಬಕೆಟ್ ಮಗುಚಿತು. ಮೇದಿನಿ ಆಗಷ್ಟೇ ಹಿಂಡಿಟ್ಟಿದ್ದ ಟವೆಲ್ ಮತ್ತೆ ಮಣ್ಣಿಗೆ ಬಿತ್ತು.

“ಲೋ, ಕಣ್ಣು ಕಾಣಲ್ವಾ? ಏನು ಸೊನ್ನೆ?”

“ಭಯ! ಊರಿಗೆ ಕಳಿಸೋಕೆ ಮುಂಚೆ ಒಂದು ಟೆಸ್ಟ್ ಮಾಡ್ತಾರಲ್ಲ, ಇವತ್ತು ನಂದು. ಹೊಸಾ ಹಗ್ಗ ಹಾಕಿ ಬಂಡೆ ಹತ್ತಿಸಿದ್ರು. ಕೆಳಗೆ ಓಬಳೇಶಣ್ಣ ಹಿಡ್ಕೊಂಡಿದ್ದ. ಮೇಲೆ ಹೋಗಿ ಎರಡೂ ಕೈ ಬಿಟ್ಟು ನಿಂತೆ. ಗೆರೆ ಅಲ್ಲಾಡ್ಲೇ ಇಲ್ಲ ಮಚ್ಚಾ. ಮಲಗಿರೋ ಎಮ್ಮೆಗೂ ಇದಕ್ಕಿಂತ ಜಾಸ್ತಿ ಭಯ ಇರುತ್ತೆ ಅಂದ್ರು ಮೇಡಂ.”

ಮೇದಿನಿ ಟವೆಲ್ ಎತ್ತಿಕೊಳ್ಳಲು ಬಗ್ಗಿದವಳು ಬಗ್ಗಿದ ಹಾಗೇ ನಿಂತಳು.

“ಹಂಗಾದ್ರೆ ಇಷ್ಟು ದಿನ ನಾನು ಹೊತ್ಕೊಂಡಿದ್ದು ಯಾರ ಭಯನೋ?”

ಎಲ್ವಿನ್ ಮಗುಚಿದ ಬಕೆಟ್ ಎತ್ತಿ ನಿಲ್ಲಿಸಿದ.

“ಅದನ್ನೇ ಕೇಳೋಣ ಅಂತ ಓಡ್ಕೊಂಡು ಬಂದೆ.”

ಬಂಡೆಮನೆ ಎಂಬುದು ಪಾವಗಡದ ಕಡೆ, ಬೋಳು ಗುಡ್ಡಗಳ ನಡುವಿನ ವಸತಿ ಶಿಬಿರ. ಮನೆಯಲ್ಲಿ ನಿಲ್ಲದ, ಕಾಲೇಜಿನಲ್ಲಿ ಕೂರದ, ಕೋಣೆಯಿಂದ ಹೊರಗೇ ಬರದ, ಹೊರಗೆ ಹೋದರೆ ವಾಪಸ್ಸೇ ಬರದ ಹುಡುಗ ಹುಡುಗಿಯರನ್ನು ಎರಡು ತಿಂಗಳ ಕಾಲ ಇಲ್ಲಿಟ್ಟುಕೊಳ್ಳುತ್ತಾರೆ. ಬೆಳಿಗ್ಗೆ ಬಂಡೆ ಹತ್ತಬೇಕು, ಮಧ್ಯಾಹ್ನ ಅಡುಗೆಗೆ ಕೈ ಹಾಕಬೇಕು, ಸಂಜೆ ಎಲ್ಲರೂ ಸುತ್ತ ಕೂತು ಮಾತಾಡಬೇಕು. ಮಾತು ಬರದಿದ್ದರೆ ಸುಮ್ಮನೆ ಕೂರಬಹುದು. ಪಾತ್ರೆ ತೊಳೆಯುವುದರಿಂದ ಮಾತ್ರ ಯಾರಿಗೂ ಬಿಡುಗಡೆಯಿಲ್ಲ.

ಬೆಟ್ಟ ಹತ್ತಿಸಿ ಮಕ್ಕಳನ್ನು ಸರಿದಾರಿಗೆ ತರುವ ಶಿಬಿರಗಳು ಬೇರೆ ಕಡೆಯೂ ಇವೆ. ಬಂಡೆಮನೆಯಲ್ಲಿ ಮಾತ್ರ ಇದ್ದದ್ದು ಹಂಚುಹಗ್ಗ.

ನೋಡಲು ಅದು ಬಂಡೆ ಹತ್ತುವ ಮಾಮೂಲಿ ಹಗ್ಗವೇ. ಆದರೆ ಅದರ ಹೊಟ್ಟೆಯೊಳಗೆ ಕೂದಲೆಳೆಯಷ್ಟು ಸಣ್ಣ ತಂತಿಗಳಿವೆ. ಹತ್ತುವವರ ಕಿವಿಯ ಹಿಂದೊಂದು ಬಿಲ್ಲೆ, ಕೆಳಗೆ ನಿಂತು ಹಗ್ಗ ಹಿಡಿಯುವವರ ಕಿವಿಯ ಹಿಂದೊಂದು ಬಿಲ್ಲೆ. ಹಗ್ಗದ ಎರಡು ತುದಿಗಳನ್ನು ಅವರವರ ಸೊಂಟದ ಪಟ್ಟಿಗೆ ಸಿಕ್ಕಿಸಿದರೆ ಮುಗಿಯಿತು. ಒಂದು ಕೊಡುವ ತುದಿ, ಇನ್ನೊಂದು ಪಡೆಯುವ ತುದಿ. ಕೊಡುವ ಕಡೆಯ ಬಿಲ್ಲೆ ಎದೆಬಡಿತ, ಬೆವರು, ಉಸಿರನ್ನು ಓದಿ ಭಯ ಎಷ್ಟಿದೆ ಎಂದು ಅಳೆಯುತ್ತದೆ. ಕತ್ತಿನ ನರವನ್ನು ಮೆಲ್ಲಗೆ ಮೀಟಿ ಅದನ್ನು ಅರ್ಧಕ್ಕೆ ಇಳಿಸುತ್ತದೆ. ಉಳಿದರ್ಧ ಹಗ್ಗದೊಳಗೆ ಹರಿದು ಪಡೆಯುವವರ ಎದೆಗೆ ಹೋಗುತ್ತದೆ. ಬಂಡೆ ಸಂದಿಗಳಲ್ಲಿ ಸಿಗ್ನಲ್ ನಿಲ್ಲದ ಕಾರಣ ತಂತಿಯೇ ಬೇಕಾಯಿತು.

ಇದನ್ನು ಮಾಡಿದ ಡಾಕ್ಟರ್ ಕಾತ್ಯಾಯಿನಿಯ ಲೆಕ್ಕಾಚಾರ ಸರಳವಾಗಿತ್ತು. ಒಬ್ಬರಿಂದ ಹೊರಲಾಗದ ಭಯವನ್ನು ಇಬ್ಬರು ಹೊತ್ತರೆ ಹತ್ತುವವರು ಹತ್ತುತ್ತಾರೆ. ಹೊತ್ತವರಿಗೂ ತಾವು ಯಾರಿಗೋ ಬೇಕು ಎನ್ನುವುದು ಗೊತ್ತಾಗುತ್ತದೆ. ಹಾಗಾಗಿ ಕೊಡುವ ತುದಿ ಕೆಂಪು, ಅದು ಮೇಲಕ್ಕೆ. ಪಡೆಯುವ ತುದಿ ಹಳದಿ, ಅದು ಕೆಳಕ್ಕೆ. ಇದು ಶಿಬಿರಕ್ಕೆ ಬಂದ ಮೊದಲ ದಿನವೇ ಎಲ್ಲರಿಗೂ ಬಾಯಿಪಾಠ.

ಹಗ್ಗದ ಜೋಡಿ ಮಾಡುವಾಗ ಎಲ್ವಿನ್‌ಗೆ ಮೇದಿನಿಯನ್ನು ಕೊಟ್ಟದ್ದು ಬೇಕೆಂದೇ.

ಎಲ್ವಿನ್ ಕೆಜಿಎಫ್‌ನ ಹುಡುಗ. ಗಣಿಮಣ್ಣಿನ ದಿಬ್ಬಗಳ ಮೇಲೆ ಬೈಕಿನ ಮುಂದಿನ ಚಕ್ರ ಎತ್ತಿಕೊಂಡೇ ಇಳಿಯುವುದರಲ್ಲಿ ಹೆಸರು ಮಾಡಿದವನು. ಕತ್ತಿನ ಮೂಳೆ ಮುರಿದುಕೊಂಡ. ಪಟ್ಟಿ ಬಿಚ್ಚಿದ ವಾರಕ್ಕೇ ಮತ್ತೆ ಹತ್ತಿದ. ಅವನ ಮಮ್ಮಿ ಅತ್ತು ಅತ್ತು ಇಲ್ಲಿಗೆ ತಂದುಬಿಟ್ಟಿದ್ದರು.

ಮೇದಿನಿಯದು ತಿರುಗಾಮುರುಗಾ ಕಥೆ. ಹಾಸನದ ಹುಡುಗಿ, ಎರಡನೇ ಪಿಯುಸಿ ಅರ್ಧಕ್ಕೆ ಬಿಟ್ಟವಳು. ಏನಮ್ಮಾ ಬೇಜಾರಾ ಅಂದರೆ ಇಲ್ಲ. ಸಿಟ್ಟಾ ಅಂದರೆ ಇಲ್ಲ. ಏನೂ ಇಲ್ಲ ಎನ್ನುವುದೇ ಅವಳ ಕಾಯಿಲೆ. ಅವಳನ್ನು ಎತ್ತಿ ಆಡಿಸಿದ ಅಜ್ಜ ತೀರಿಕೊಂಡಾಗ ಒಂದು ಹನಿ ಬರಲಿಲ್ಲ. ಬಂದ ನೆಂಟರೆಲ್ಲ ಅವಳ ಮುಖ ನೋಡಿಕೊಂಡು ಹೋದರು. ವೈಕುಂಠ ಸಮಾರಾಧನೆಯ ದಿನ ಅಡುಗೆಮನೆಯಲ್ಲಿ ಅಮ್ಮ ಸುಗುಣ ತಡೆಯಲಾರದೆ ಅಂದೇಬಿಟ್ಟಳು: “ಎದೇಲಿ ಕಲ್ಲಿಟ್ಕೊಂಡಿದ್ದೀಯೇನೇ ನೀನು?”

ಮೇದಿನಿಗೆ ಆಗಲೂ ಅಳು ಬರಲಿಲ್ಲ. ಇರಬಹುದು ಅಂದುಕೊಂಡಳು. ರಕ್ತದ ಗುಂಪು ಯಾವುದು ಎಂದು ಗೊತ್ತಾದ ಹಾಗೆ, ತಾನು ಕಲ್ಲು ಎಂದು ಗೊತ್ತಾಯಿತು ಅಷ್ಟೇ.

ಹಾಗಿದ್ದವಳು ಮೊದಲ ಸಲ ಎಲ್ವಿನ್‌ನ ಹಗ್ಗ ಹಿಡಿದು ನಿಂತ ದಿನ ಎದೆ ಡವಡವ ಎಂದಿತು. ಅಂಗೈ ಒದ್ದೆಯಾಯಿತು. ಬಾಯಿ ಒಣಗಿತು. ಅವಳು ಹೆದರಲಿಲ್ಲ, ಕುಣಿಯುವುದೊಂದು ಬಾಕಿ! ಆ ಸಂಜೆ ಫೋನಿನಲ್ಲಿ, “ಅಮ್ಮಾ, ನಂಗಿವತ್ತು ಭಯ ಆಯ್ತು! ನಂದಲ್ಲ, ಎಲ್ವಿನ್‌ದು. ಆದ್ರೂ ಆಯ್ತು!” ಎಂದಳು. ಸುಗುಣಳಿಗೆ ತಲೆಬುಡ ಅರ್ಥವಾಗದೆ, “ಸರಿ, ಊಟಕ್ಕೇನು ಮಾಡಿದ್ರು?” ಎಂದು ಕೇಳಿದ್ದಳು.

ಅದೇ ದಿನ ಬಂಡೆಯಿಂದ ಇಳಿದ ಎಲ್ವಿನ್ ಕೂಡ ಗಡಗಡ ನಡುಗುತ್ತಿದ್ದ. “ಅರ್ಧ ಹೊತ್ಕೊಂಡ್ರೂ ಇಷ್ಟು ಭಯ ಆಗುತ್ತೇನೇ? ಮಮ್ಮಿಗೆ ಹೇಳ್ಬೇಕು!” ಅಂದಿದ್ದ. ಅಂದಿನಿಂದ ಗಂಟನ್ನು ಎರಡೆರಡು ಸಲ ನೋಡಿಕೊಂಡು, ಹೆಲ್ಮೆಟ್ ಬಿಗಿದುಕೊಂಡು ಹತ್ತುವವನಾಗಿದ್ದ. ಶಿಬಿರದವರೆಲ್ಲ ಈ ಜೋಡಿಯನ್ನು ಕಂಡು ಹಿಗ್ಗಿದ್ದರು.

ಈಗ ನೋಡಿದರೆ ಸೊನ್ನೆ.

ಕಂಟ್ರೋಲ್ ರೂಮ್ ಎಂದರೆ ದೊಡ್ಡದೇನಲ್ಲ. ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಉದ್ದನೆಯ ಕೋಣೆ. ಗೋಡೆಗೆ ಎರಡು ಪರದೆ, ಮೂಲೆಯಲ್ಲಿ ಹಗ್ಗದ ಸುರುಳಿಗಳು, ಕಿಟಕಿಯ ಆಚೆಗೆ ಆನೆಮರಿ ಬಂಡೆ. ಡಾಕ್ಟರ್ ಕಾತ್ಯಾಯಿನಿ ಕನ್ನಡಕವನ್ನು ಹಣೆಗೇರಿಸಿಕೊಂಡು ಅದೇ ಕನ್ನಡಕಕ್ಕಾಗಿ ಮೇಜೆಲ್ಲ ತಡಕುತ್ತಿದ್ದರು.

“ಮೇಡಂ, ತಲೆ ಮೇಲಿದೆ,” ಎಂದ ಎಲ್ವಿನ್.

“ಹಾಂ. ಕೂತ್ಕೊಳಿ ಇಬ್ರೂ. ಎಲ್ವಿನ್, ನಿಜ ಹೇಳು. ಇವತ್ತು ಬಿಲ್ಲೆ ಕಿತ್ತು ಜೇಬಲ್ಲಿಟ್ಕೊಂಡಿದ್ಯಾ?”

“ದೇವ್ರಾಣೆ ಇಲ್ಲ ಮೇಡಂ! ಓಬಳೇಶಣ್ಣಾನೇ ಅಂಟಿಸಿದ್ದು.”

ಹಗ್ಗಗಳ ಉಸ್ತುವಾರಿಯ ಓಬಳೇಶ ಬಾಗಿಲಿಗೊರಗಿ ನಿಂತಿದ್ದ. “ಹೌದು ಮೇಡಂ, ನಾನೇ ಅಂಟ್ಸಿದ್ದು. ಎದೆಬಡಿತ ಬಂತಲ್ಲ ನಿಮ್ಗೆ. ಬಡಿತ ಐತೆ, ಭಯ ಇಲ್ಲ ಅಷ್ಟೇಯ.”

ಕಾತ್ಯಾಯಿನಿ ಎರಡು ಗೆರೆಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟರು. ಒಂದು ಈ ಬೆಳಗಿನದು, ಗೋಡೆಗೆ ಹೊಡೆದ ಪಟ್ಟಿಯ ಹಾಗೆ ಮಟ್ಟಸ. ಇನ್ನೊಂದು ಕಳೆದ ವಾರದ್ದು, ಹಳೆಯ ಹಗ್ಗದಲ್ಲಿ ಬಂದದ್ದು. ಅದರಲ್ಲಿ ಬೆಟ್ಟಗುಡ್ಡಗಳೇ ಇದ್ದವು.

“ಅದೇ ಹುಡುಗ, ಅದೇ ಬಂಡೆ. ಎರಡರಲ್ಲಿ ಒಂದು ಸುಳ್ಳು,” ಎಂದರು. “ಹೊಸ ಹಗ್ಗಾನ ನಿನ್ನೆ ತಾನೇ ಪರೀಕ್ಷೆ ಮಾಡಿದ್ದೀನಿ, ಸರಿಯಾಗಿದೆ. ಹಳೇದೇ ಕೆಟ್ಟಿರಬೇಕು. ಒಳಗಿನ ತಂತಿ ಸವೆದು ಸುಮ್ಮನೆ ಗದ್ದಲ ಮಾಡಿರಬಹುದು. ರೇಡಿಯೋ ಸ್ಟೇಷನ್ ಸಿಗದೆ ಕೊರ್ ಅನ್ನುತ್ತಲ್ಲ, ಹಾಗೆ.”

“ಅಂದ್ರೆ ನಂಗೆ ಬಂದಿದ್ದು?” ಎಂದಳು ಮೇದಿನಿ.

“ಆ ಕೊರ್ ಇರಬಹುದು.”

“ಯಾರ ಭಯಾನೂ ಅಲ್ವಾ?”

“ಗೊತ್ತಿಲ್ಲ ಮರಿ. ನಂಗೇ ತಲೆ ಕೆಟ್ಟೋಗಿದೆ. ನಾಳೆ ಹಬ್ಬಕ್ಕೆ ಮನೆಯವರೆಲ್ಲ ಬರ್ತಾರೆ, ಅವರ ಮುಂದೆ ಏನು ಹೇಳ್ಲಿ? ಓಬಳೇಶ್, ಆ ಹಗ್ಗ ಇನ್ನು ಯಾರಿಗೂ ಕೊಡಬೇಡ. ಪಕ್ಕಕ್ಕಿಡು, ನಾಳೆ ಕತ್ತರಿಸಿ ನೋಡ್ತೀನಿ. ಎಲ್ವಿನ್, ನಿನ್ನನ್ನ ಈಗಲೇ ಕಳಿಸೋಕೆ ಆಗಲ್ಲ.”

“ಅಯ್ಯೋ ಮೇಡಂ, ಮಮ್ಮಿ ಆಗ್ಲೇ ಮೀನು ಸಾರಿಗೆ ಹುಣಸೆಹಣ್ಣು ನೆನೆ ಹಾಕಿರ್ತಾರೆ!”

ಮೇದಿನಿಗೆ ನಗು ಬರಲಿಲ್ಲ. ಕೆಟ್ಟ ರೇಡಿಯೋವನ್ನು ಕಲ್ಲಿನ ಮೇಲಿಟ್ಟರೆ ಕಲ್ಲೂ ಸಣ್ಣಗೆ ನಡುಗುತ್ತದೆ. ಅಷ್ಟಕ್ಕೇ ತನಗೆ ಜೀವ ಬಂತು ಎಂದು ಕಲ್ಲು ಊರೆಲ್ಲ ಸಾರಿಕೊಂಡು ಬಂದರೆ ಹೇಗೆ? ಅವಳಿಗೆ ನಾಚಿಕೆಯಾಯಿತು. ಆಮೇಲೆ, ಈ ನಾಚಿಕೆಯಾದರೂ ತನ್ನದೇ ಹೌದೋ ಅಲ್ಲವೋ ಎಂದು ಅನುಮಾನವಾಯಿತು. ಅಭ್ಯಾಸಬಲದಿಂದ ಕಿವಿಯ ಹಿಂದೆ ಮುಟ್ಟಿ ನೋಡಿಕೊಂಡಳು. ಬಿಲ್ಲೆ ಇರಲಿಲ್ಲ.

ಮಧ್ಯಾಹ್ನ ಅವಳದು ಅಡುಗೆ ಪಾಳಿ. ಅದಕ್ಕೂ ಮುಂಚೆ ಆಫೀಸಿನ ಫೋನಿನಿಂದ ಮನೆಗೆ ಕರೆ ಮಾಡಿದಳು. ಹಾಸನದಲ್ಲಿ ಸುಗುಣಳ ಸೀರೆ ಫಾಲ್, ಜಿಗ್‌ಜಾಗ್ ಅಂಗಡಿ. ಹಬ್ಬದ ಹಿಂದಿನ ದಿನವಾದ್ದರಿಂದ ಹೊಲಿಗೆ ಮಿಷನ್ನಿನ ಸದ್ದು ಎಡೆಬಿಡದೆ ಕೇಳುತ್ತಿತ್ತು.

“ಅಮ್ಮಾ, ನಾಳೆ ಬರ್ಬೇಡ.”

ಮಿಷನ್ ನಿಂತಿತು. “ಯಾಕೇ? ಚಕ್ಕುಲಿ ಕರಿದಾಯ್ತು. ಸಂಜೆ ಬಸ್ಸು ಹತ್ತೋಣ ಅಂತಿದ್ದೆ.”

“ನಾನು ಹೇಳಿದ್ನಲ್ಲ ಭಯ ಆಯ್ತು ಅಂತ, ಅದು ಸುಳ್ಳಂತೆ. ಹಗ್ಗ ಕೆಟ್ಟಿತ್ತಂತೆ. ಎಲ್ವಿನ್‌ಗೆ ಭಯಾನೇ ಇಲ್ವಂತೆ.”

“ಅವನಿಗಿಲ್ದಿದ್ರೆ ನಿಂಗೇನೇ?”

“ಅವನಿಗಿಲ್ದಿದ್ರೆ ನಂಗೆಲ್ಲಿಂದ ಬರುತ್ತಮ್ಮಾ? ನಂಗೆ ನಂದು ಅಂತ ಇಲ್ವಲ್ಲ.”

“ಹಂಗಂತ ಯಾರು ಹೇಳಿದ್ದು?”

“ನೀನೇ. ಎದೇಲಿ ಕಲ್ಲಿದೆ ಅಂದ್ಯಲ್ಲ.”

ಆ ಕಡೆಯಿಂದ ಯಾರೋ ಗಿರಾಕಿ, “ಅಕ್ಕಾ, ಫಾಲ್ ಆಯ್ತಾ?” ಎಂದದ್ದು ಕೇಳಿಸಿತು. “ಇರಮ್ಮ, ಬಂದೆ,” ಎಂದು ಸುಗುಣ ಅವಳನ್ನು ನಿಲ್ಲಿಸಿದಳು. ಆಮೇಲೆ ಮಗಳಿಗೆ, “ಬಾಯಿಗೆ ಬಂದಿದ್ದು ಅಂದಿರ್ತೀನಿ. ಅದನ್ನ ಇನ್ನೂ ಇಟ್ಕೊಂಡಿದ್ದೀಯಾ?” ಎಂದಳು. ದನಿ ಒಂಥರಾ ಇತ್ತು. ಬೈಗುಳವೋ ಬೇಡಿಕೆಯೋ ಮೇದಿನಿಗೆ ತಿಳಿಯಲಿಲ್ಲ. ಬಿಲ್ಲೆ ಇಲ್ಲದೆ ಅಮ್ಮನನ್ನು ಓದುವುದು ಹೇಗೆ?

“ಸಂಜೆ ಮತ್ತೆ ಮಾಡ್ತೀನಿ,” ಎಂದು ಫೋನಿಟ್ಟಳು.

ಅಡುಗೆಮನೆಯಲ್ಲಿ ಚಿತ್ರಾನ್ನ. ಮೇದಿನಿ ಒಗ್ಗರಣೆಗೆ ಅರಿಶಿನ ಹಾಕುವಾಗ ಡಬ್ಬಿಯೇ ಕೈ ಜಾರಿ ಬಿಳಿ ಚೂಡಿದಾರದ ಮುಂಭಾಗವೆಲ್ಲ ಹಳದಿಯಾಯಿತು.

“ಮದುಮಗಳ ಹಂಗೆ ಕಾಣ್ತಿದ್ದೀಯ,” ಎಂದು ಎಲ್ವಿನ್ ಈರುಳ್ಳಿ ಹೆಚ್ಚುತ್ತಾ ಕಣ್ಣೊರೆಸಿಕೊಂಡ.

“ನೀನು ಮದುಮಗಳ ಅಪ್ಪನ ಹಂಗೆ ಅಳ್ತಿದ್ದೀಯ. ಮುಚ್ಕೊಂಡು ಹೆಚ್ಚು.”

ಅವಳು ಹಿತ್ತಿಲ ನಲ್ಲಿಗೆ ಹೋಗಿ, ಬಟ್ಟೆ ಸೋಪನ್ನು ಕಲೆಯ ಮೇಲೆ ಉಜ್ಜಿದಳು. ಉಜ್ಜಿದ ಕಡೆಯೆಲ್ಲ ಹಳದಿ ಹೋಗಿ ಕೆಂಪಾಯಿತು. ಸಾರು ಚೆಲ್ಲಿಕೊಂಡವರಿಗೆಲ್ಲ ಗೊತ್ತಿರುವ ವಿಷಯ ಅದು. ಅರಿಶಿನಕ್ಕೆ ಸೋಪು ಸೋಕಿದರೆ ರಕ್ತದ ಹಾಗೆ ಕೆಂಪಾಗುತ್ತದೆ. ಆರತಿ ತಟ್ಟೆಯ ನೀರಿಗೆ ಅರಿಶಿನ, ಸುಣ್ಣ ಹಾಕಿ ಕೆಂಪು ಮಾಡುವುದು ಇದೇ ಕಾರಣಕ್ಕೆ. ಮೇದಿನಿ ಚಿಕ್ಕಂದಿನಿಂದ ನೂರು ಸಲ ನೋಡಿದ್ದಳು.

ನೂರಾ ಒಂದನೇ ಸಲ ನೋಡುತ್ತಾ ನೋಡುತ್ತಾ ಸೋಪು ಕೈಯಿಂದ ಜಾರಿತು.

ಆಯುಧಪೂಜೆ!

ಆಗ ಇಬ್ಬರೂ ಶಿಬಿರಕ್ಕೆ ಬಂದ ಹೊಸತು, ಎಲ್ವಿನ್ ಇನ್ನೂ ಒಂದು ಸಲವೂ ಬಂಡೆ ಹತ್ತಿರಲಿಲ್ಲ. ಆಯುಧಪೂಜೆಯ ಹೊತ್ತಿಗೆ ಹಗ್ಗಗಳ ತುದಿಗೆ ಸುತ್ತಿದ್ದ ಟೇಪುಗಳು ಬಿಸಿಲಿಗೆ ಕಿತ್ತುಬಂದಿದ್ದವು. ಓಬಳೇಶಣ್ಣ ಒಂದು ಉಪಾಯ ಮಾಡಿದ್ದ. ಹೇಗಿದ್ದರೂ ಪೂಜೆಗೆ ಅರಿಶಿನ ಕುಂಕುಮ ಹಚ್ಚಬೇಕು. ಹತ್ತುವವರ ತುದಿಗೆ ಕುಂಕುಮ, ಹಿಡಿಯುವವರ ತುದಿಗೆ ಅರಿಶಿನ ಬಳಿದರೆ ಪೂಜೆಯೂ ಆಯಿತು, ಗುರುತೂ ಆಯಿತು. ಹೊಸ ಟೇಪು ಬಂದ ಮೇಲೆ ಅದೇ ಬಣ್ಣ ನೋಡಿ ಸುತ್ತಿದರಾಯಿತು. ಎಲ್ಲ ಜೋಡಿಗಳೂ ಹಾಗೇ ಮಾಡಿದ್ದವು. ಎಲ್ವಿನ್ ಒಬ್ಬ ಮಾತ್ರ, “ಛೀ, ಕೈಯೆಲ್ಲ ಅಂಟು ಅಂಟು,” ಎಂದು ತಮ್ಮ ಹಗ್ಗವನ್ನು ಬಟ್ಟೆ ತೊಟ್ಟಿಗೆ ಹಾಕಿ, ಸೋಪು ಹಚ್ಚಿ ತಿಕ್ಕಿದ್ದ. ಅರ್ಧಂಬರ್ಧ ಜಾಲಿಸಿ ಒಣಹಾಕಿದ್ದ. ಒಣಗಿದ ಹಗ್ಗದಲ್ಲಿ ಒಂದು ತುದಿ ಕೆಂಪಗಿತ್ತು, ಇನ್ನೊಂದು ಬಣ್ಣ ಬಿಟ್ಟು ಮಾಸಲಾಗಿತ್ತು. ಕೆಂಪಿಗೆ ಕೆಂಪು ಟೇಪು, ಮಾಸಲಿಗೆ ಹಳದಿ ಟೇಪು.

ಸುತ್ತಿದವಳು ಮೇದಿನಿಯೇ.

“ಎಲ್ವಿನ್! ಚಾಕು ಬಿಟ್ಟು ಬಾ! ನಿಂಬೆಹಣ್ಣು ತಗೊಂಡು ಬಾ!”

“ಚಿತ್ರಾನ್ನಕ್ಕೆ ಹಿಂಡೋಕೆ ಇನ್ನೂ ಟೈಮಿದೆ ಕಣೇ.”

“ಹಗ್ಗಕ್ಕೆ ಕಣೋ!”

ಹಗ್ಗದ ಕೋಣೆಯಲ್ಲಿ ಓಬಳೇಶ ಹಳೆಯ ಹಗ್ಗವನ್ನು ಸುತ್ತಿ ಪಕ್ಕಕ್ಕಿಡುತ್ತಿದ್ದ. ಮೇದಿನಿ ಅವನ ಕೈಯಿಂದಲೇ ಕಿತ್ತುಕೊಂಡು ಕೆಂಪು ಟೇಪನ್ನು ಬಿಚ್ಚಿದಳು. ಒಳಗೆ ಗಾಳಿ, ಬೆಳಕು ತಾಗದೆ ಸೋಪಿನ ಜಿಡ್ಡಿನಲ್ಲೇ ಕೂತಿದ್ದ ಹಗ್ಗ ಕಂದುಗೆಂಪಾಗಿತ್ತು. ಅದರ ಮೇಲೆ ನಿಂಬೆಹಣ್ಣು ಹಿಂಡಿದಳು.

ರಸ ಬಿದ್ದಲ್ಲೆಲ್ಲ ಕೆಂಪು ಕರಗಿತು. ಹಳದಿ ಮೂಡಿತು. ಹಸಿ ಅರಿಶಿನದ ಹಳದಿ.

“ಏಯ್, ಮಾಟ ಗೀಟ ಮಾಡ್ತಿದ್ದೀಯೇನವ್ವಾ?” ಎಂದ ಓಬಳೇಶ.

“ಅಣ್ಣಾ, ಪೂಜೆ ಕುಂಕುಮ ಇದ್ಯಾ? ಕೊಡು.” ಮೇದಿನಿ ಅವನು ಕೊಟ್ಟ ಪೊಟ್ಟಣದಿಂದ ಚಿಟಿಕೆ ಕುಂಕುಮ ಕಲ್ಲಿನ ಮೇಲಿಟ್ಟು ಅದಕ್ಕೂ ನಿಂಬೆರಸ ಬಿಟ್ಟಳು. ಅಂಗಡಿಯ ಕುಂಕುಮ, ಬರೀ ಬಣ್ಣ. ಕೆಂಪು ಕೆಂಪಾಗೇ ಉಳಿಯಿತು.

“ಇದು ಅರಿಶಿನದ ತುದಿ. ಹಿಡಿಯೋರ ತುದಿ. ನಾವು ಇದನ್ನ ಎಲ್ವಿನ್‌ಗೆ ಕಟ್ಟಿ ಮೇಲೆ ಕಳಿಸ್ತಿದ್ವಿ.”

ಎಲ್ವಿನ್ ಹಗ್ಗವನ್ನು ನೋಡಿದ, ನಿಂಬೆಹಣ್ಣನ್ನು ನೋಡಿದ, ಮೇದಿನಿಯನ್ನು ನೋಡಿದ. “ಒಂದ್ನಿಮಿಷ. ನಂಗೆ ಅರ್ಥ ಆಗ್ಲಿಲ್ಲ. ಮತ್ತೆ ಹೇಳು. ನಿಧಾನಕ್ಕೆ.”

“ನಂಗೂ ಪೂರ್ತಿ ಆಗಿಲ್ಲ ಕಣೋ. ಮೇಡಂ ಹತ್ರ ಬಾ.”

ಕಾತ್ಯಾಯಿನಿ ಕೇಳಿಸಿಕೊಂಡರು. ಕನ್ನಡಕ ತೆಗೆದರು, ಹಾಕಿದರು. ಪರದೆಯಲ್ಲಿ ಕಳೆದ ವಾರದ ಗೆರೆಗಳನ್ನು ತೆರೆದು, “ಕೊಡುವವರು: ಎಲ್ವಿನ್” ಎಂದಿದ್ದ ಕಡೆ ಹೆಸರು ಅಳಿಸಿ “ಮೇದಿನಿ” ಎಂದು ಹೊಡೆದರು.

“ಈ ಒಂದು ಜಾಗ ನಂಗೆ ನಿದ್ದೆ ಕೆಡಿಸಿತ್ತು,” ಎಂದು ಒಂದು ಎತ್ತರದ ಮೊನೆಯನ್ನು ತೋರಿಸಿದರು. “ಕಳೆದ ವಾರ ಬಂಡೆ ಚಕ್ಕೆ ಕಿತ್ತು ಬಿತ್ತಲ್ಲ, ಆವತ್ತಿಂದು. ಚಕ್ಕೆ ಬೀಳೋಕೆ ಮುಂಚೆಯೇ ಭಯ ಏರಿದೆ. ಹತ್ತುತ್ತಾ ಇರೋನಿಗೆ ಕೈ ಕೆಳಗಿನ ಚಕ್ಕೆ ಸಡಿಲ ಇದೆ ಅಂತ ಮೊದಲೇ ಹೇಗೆ ಗೊತ್ತಾಗುತ್ತೆ?”

“ನಂಗೆ ಗೊತ್ತಿರ್ಲಿಲ್ಲ ಮೇಡಂ,” ಎಂದ ಎಲ್ವಿನ್. “ಕೈ ಚಾಚಿದೆ. ಇದ್ದಕ್ಕಿದ್ದಂಗೆ ಎದೆ ಧಸಕ್ ಅಂತು. ಯಾಕೆ ಅಂತಾನೇ ತಿಳೀದೆ ಕೈ ಎಳ್ಕೊಂಡೆ. ಆಮೇಲೆ ಬಿತ್ತು ಅದು.”

“ನಂಗೆ ಕಂಡಿತ್ತು,” ಎಂದಳು ಮೇದಿನಿ. ಅವಳ ದನಿ ಅವಳಿಗೇ ದೂರದಿಂದ ಬಂದ ಹಾಗಿತ್ತು. “ಚಕ್ಕೆ ಬುಡದಿಂದ ಮರಳು ಉದುರ್ತಿತ್ತು. ಕೂಗೋಣ ಅಂದ್ರೆ ಬಾಯೇ ಬರ್ಲಿಲ್ಲ.”

ಪಕ್ಕದ ಅಡುಗೆಮನೆಯಿಂದ ಸೀದ ಕಡಲೆಬೀಜದ ವಾಸನೆ ಬರುತ್ತಿತ್ತು. ಯಾರಿಗೂ ಎದ್ದು ಹೋಗಬೇಕು ಅನಿಸಲಿಲ್ಲ.

“ಅಂದ್ರೆ,” ಎಂದು ಎಲ್ವಿನ್ ಬೆರಳು ಮಡಚಿದ, “ನಾನು ಮೇಲೆ ಹೆದರ್ಕೊಂಡಿದ್ದೆಲ್ಲ ಇವಳ ಭಯ. ಇವಳು ಕೆಳಗೆ ನಿಂತು, ಎಲ್ವಿನ್‌ದು ಅಂತ ಅಂದ್ಕೊಂಡಿದ್ದೂ ಇವಳದೇ. ನಾನು ನಂದು ಅಂದ್ಕೊಂಡಿದ್ದೂ ಇವಳದೇ. ಮಮ್ಮಿಗೆ ಫೋನ್ ಮಾಡಿ, ನಂಗೆ ಭಯ ಬಂತು, ಇನ್ಮೇಲೆ ಬೈಕ್ ಎತ್ತಲ್ಲ ಅಂತ ಅತ್ಕೊಂಡು ಹೇಳಿದ್ನಲ್ಲ, ಅದೂ ಇವಳದಾ? ಈಗ ವಾಪಸ್ ಕೊಡ್ಬೇಕಾ?”

ಅವನು ತಮಾಷೆಗೆ ಶುರುಮಾಡಿದ್ದ. ಮುಗಿಸುವಾಗ ತಮಾಷೆ ಉಳಿದಿರಲಿಲ್ಲ.

“ಗೊತ್ತಿಲ್ಲಪ್ಪ,” ಎಂದರು ಕಾತ್ಯಾಯಿನಿ. “ಎರವಲು ತಂದ ಹೆಪ್ಪಾದರೂ ಹಾಲು ನಮ್ಮದಾದ್ರೆ ಮೊಸರು ನಮ್ಮದೇ ತಾನೇ? ಹಾಗೇನಾದ್ರೂ ಆಗಿರಬಹುದು. ಆಗಿಲ್ದೇನೂ ಇರಬಹುದು. ನೀನು ಇನ್ನೊಂದಷ್ಟು ದಿನ ಇಲ್ಲೇ ಇರು. ಆದ್ರೆ ಇನ್ಮೇಲೆ ಹತ್ತಬೇಡ. ಕೆಳಗೆ ನಿಂತು ಬೇರೆಯವರ ಹಗ್ಗ ಹಿಡಿ. ಭಯ ಹುಟ್ಟೋ ಜಾಗ ಅದು ಅಂತ ಕಾಣುತ್ತೆ.”

ಮೇದಿನಿ ಪರದೆಯಿಂದ ಕಣ್ಣು ತೆಗೆದಿರಲಿಲ್ಲ. “ಮೇಡಂ, ನಾನು ಕೊಡೋ ತುದೀಲಿದ್ದೆ ಅಂದ್ರೆ ನಂಗೆ ಗೊತ್ತಾಗಿದ್ದು ಅರ್ಧ ಮಾತ್ರ ಅಲ್ವಾ? ಉಳಿದರ್ಧ ಇವನಿಗೆ ಹೋಯ್ತು.”

“ಹೌದು.”

“ಅರ್ಧಕ್ಕೇ ನನ್ನ ಅಂಗೈ ಒದ್ದೆಯಾಗ್ತಿತ್ತು.”

“ಹೌದು ಮರಿ.” ಕಾತ್ಯಾಯಿನಿ ಅವಳ ಕಡೆ ತಿರುಗಿದರು. “ಮನೇಲಿ ಫ್ಯೂಸ್ ಹೋಗುತ್ತಲ್ಲ, ಕರೆಂಟ್ ಇಲ್ಲ ಅಂತ ಹೋಗೋದಲ್ಲ ಅದು. ಒಂದೇ ಸಲ ಜಾಸ್ತಿ ನುಗ್ಗಿತು ಅಂತ ಹೋಗೋದು. ಮನೆ ಮಾತ್ರ ಕತ್ತಲೆ ಆಗಿರುತ್ತೆ. ನೋಡಿದೋರು ಇಲ್ಲಿ ವೈರಿಂಗೇ ಇಲ್ಲ ಅಂದ್ಕೋತಾರೆ. ನಿಂದೂ ಹಾಗೇ ಅಂತ ನಾನು ಆಣೆ ಮಾಡಿ ಹೇಳಲ್ಲ. ನಂಗೂ ಇವತ್ತೇ ಗೊತ್ತಾಗಿದ್ದು. ಆದ್ರೆ ಈ ಗೆರೆ ಕಲ್ಲಿನದ್ದಲ್ಲ.”

ಅವಳು ಅಜ್ಜನ ವಿಷಯ ಅವರಿಗೆ ಹೇಳಿಯೇ ಇರಲಿಲ್ಲ. ಕಲ್ಲು ಎಂದು ಸಂಜೆಯ ಸುತ್ತಿನಲ್ಲಿ ಯಾವಾಗಲೋ ಒಂದು ಸಲ ಅಂದಿದ್ದಳು, ಅಷ್ಟೇ. ಅಜ್ಜ ನೆನಪಾದ. ಹಾಲಿನ ಕೆನೆಗೆ ಸಕ್ಕರೆ ಹಾಕಿ ಅಮ್ಮನಿಗೆ ಕಾಣದ ಹಾಗೆ ಕೊಡುತ್ತಿದ್ದ ಅಜ್ಜ. ಕಣ್ಣು ಉರಿಯಿತು. ಅಳುವೋ, ಸೀದ ಕಡಲೆಬೀಜದ ಹೊಗೆಯೋ, ಖಚಿತವಾಗಲಿಲ್ಲ. ಖಚಿತ ಮಾಡಿಕೊಳ್ಳುವ ಮೊದಲೇ ಓಬಳೇಶ, “ಅಯ್ಯಯ್ಯೋ ಬಾಣಲೆ!” ಎಂದು ಓಡಿದ, ಎಲ್ಲರೂ ಹಿಂದೆ ಓಡಿದರು.

ಸಂಜೆ ಬಿಸಿಲು ಆನೆಮರಿ ಬಂಡೆಯ ಬೆನ್ನು ಸವರುತ್ತಿತ್ತು. ಮೇದಿನಿ ಈವರೆಗೆ ಅದನ್ನು ಹತ್ತಿರಲಿಲ್ಲ. ಕಲ್ಲು ಕಲ್ಲನ್ನು ಹತ್ತುವುದರಲ್ಲಿ ಏನಿದೆ ಎಂದು ಎಲ್ಲರನ್ನೂ ನಗಿಸಿ ತಪ್ಪಿಸಿಕೊಳ್ಳುತ್ತಿದ್ದಳು. ಈಗ ಬುಡಕ್ಕೆ ಹೋಗಿ ಅಂಗೈ ಇಟ್ಟು ನೋಡಿದಳು. ದಿನವಿಡೀ ಕಾದ ಬಂಡೆ ಇನ್ನೂ ಬೆಚ್ಚಗಿತ್ತು.

ಹಗ್ಗ ಒಣಹಾಕುತ್ತಿದ್ದ ಓಬಳೇಶನನ್ನು ಕೇಳಿದಳು. “ಅಣ್ಣಾ, ನಾಳೆ ನಾನು ಹತ್ತಬಹುದಾ? ಅಮ್ಮ ಹಗ್ಗ ಹಿಡೀತಾಳೆ.”

“ನಿಮ್ಮಮ್ಮಂಗೆ ಹಿಡಿಯೋಕೆ ಬತ್ತದಾ?”

“ಬರಲ್ಲ. ನೀನು ಹಿಂದೆ ನಿಂತು ಇನ್ನೊಂದು ಹಗ್ಗ ಹಿಡ್ಕೋ. ಎಲ್ವಿನ್ ಪಕ್ಕದಲ್ಲಿರ್ತಾನೆ, ಭಯ ಕಲಿಯೋಕೆ.”

ಓಬಳೇಶ ನಕ್ಕ. “ಆಯ್ತು. ಕೆಂಪು ನಿಂಗೆ, ಹಳದಿ ಅಮ್ಮಂಗೆ. ಇನ್ನೊಂದ್ಸಲ ತಪ್ಪು ಮಾಡ್ಬ್ಯಾಡಿ, ನಾನೇ ಟೇಪ್ ಸುತ್ತೀನಿ.”

ಮೇದಿನಿ ತಡೆದಳು. ತುಂಬ ಹೊತ್ತು ಯೋಚಿಸಿದವಳ ಹಾಗೆ ಕಾಣುತ್ತಿದ್ದಳು. ನಿಜಕ್ಕೂ ಯೋಚನೆಯೇನೂ ಮುಗಿದಿರಲಿಲ್ಲ, ಬಾಯಿ ಮಾತ್ರ ಮುಂದೆ ಹೋಗಿತ್ತು. “ಬೇಡಣ್ಣ. ಕೆಂಪು ಅಮ್ಮಂಗೇ ಇರ್ಲಿ. ಹಳದಿ ನಂಗೆ.”

“ಅದು ತಿರುಗಾ ಮುರುಗಾ ಆಗೋಯ್ತದಲ್ಲವ್ವಾ!”

“ಗೊತ್ತು. ಈ ಸಲ ಬೇಕು ಅಂತಾನೇ.”

ಅವನು ಮೇಡಂ ಒಪ್ಪಿದರೆ ಸರಿ ಎಂದ. ಮೇಡಂ ಕೇಳಿ, ಸುಮ್ಮನೆ ಅವಳ ತಲೆ ನೇವರಿಸಿ, ಫೋನನ್ನು ಮುಂದೆ ತಳ್ಳಿದರು.

ಈ ಸಲ ಹೊಲಿಗೆ ಮಿಷನ್ನಿನ ಸದ್ದಿರಲಿಲ್ಲ. ಬಸ್ ನಿಲ್ದಾಣದ ಗಲಾಟೆ ಕೇಳುತ್ತಿತ್ತು. ತುಮಕೂರು, ತುಮಕೂರು ಎಂದು ಯಾರೋ ಕೂಗುತ್ತಿದ್ದರು.

“ನೀನು ಬರ್ಬೇಡ ಅಂದ್ರೂ ನಾನು ಹೊರಟಿದ್ದೀನಿ,” ಎಂದಳು ಸುಗುಣ ಮೊದಲೇ, ಜಗಳಕ್ಕೆ ನಿಂತವಳ ಹಾಗೆ. “ಕೈಯಲ್ಲಿ ಚಕ್ಕುಲಿ ಡಬ್ಬ ಐತೆ. ಬೈಯೋದಿದ್ರೆ ಬಂದ್ಮೇಲೆ ಬೈಯಿ.”

“ಬೈಯಲ್ಲ. ಅಮ್ಮಾ, ಚಪ್ಪಲಿ ಬೇಡ, ಶೂ ಏನಾದ್ರೂ ತಂದಿದ್ದೀಯಾ?”

“ಶೂ ಯಾಕೇ? ಚಪ್ಪಲೀಲೇ ಬಂದಿದ್ದೀನಿ.”

“ಸರಿ, ಇಲ್ಲಿ ಯಾರದಾದ್ರೂ ಕೊಡಿಸ್ತೀನಿ. ನಾಳೆ ನಾನು ಬಂಡೆ ಹತ್ತುತ್ತೀನಿ. ನೀನು ಕೆಳಗೆ ನಿಂತು ಹಗ್ಗ ಹಿಡೀಬೇಕು.”

“ಅಯ್ಯೋ ಶಿವನೇ! ಬಂಡೆ ಎಷ್ಟೆತ್ತರ ಐತೆ? ನನ್ನ ಕೈಲಾಗಲ್ಲ ಕಣೇ, ನೀನು ಮೇಲೆ ಹೋದ್ರೆ ನಾನು ಕೆಳಗೇ ಸತ್ತೋಗ್ತೀನಿ. ನಂ... ನಂಗೆ ಭಯ ಆಗುತ್ತೆ.”

“ಆಗ್ಲಿ.” ಮೇದಿನಿಯ ಎದೆ ಡವಡವ ಎನ್ನುತ್ತಿತ್ತು. ಅವಳು ಕಿವಿಯ ಹಿಂದೆ ಮುಟ್ಟಿ ನೋಡಿಕೊಳ್ಳಲಿಲ್ಲ. “ಅದನ್ನೇ ನೋಡ್ಬೇಕು ನಂಗೆ. ಅರ್ಧ ನಾನು ಹೊತ್ಕೋತೀನಿ.”

ಆ ಕಡೆ ಬಸ್ಸೊಂದು ಹಾರ್ನ್ ಹೊಡೆಯಿತು. ಸುಗುಣ ಮೂಗು ಸೆಳೆದುಕೊಂಡದ್ದು ಕೇಳಿಸಿತು.

“ಎಷ್ಟೊತ್ತಿಗೇ?”

“ಬೆಳಿಗ್ಗೆ ಏಳಕ್ಕೆ. ಬಂಡೆ ಬುಡಕ್ಕೇ ಬಾ. ನಾನು ಅಲ್ಲೇ ಇರ್ತೀನಿ.”